ಕಸದಿಂದ ಕಿಚ್ಚು, ಕಿಚ್ಚಿನಿಂದ ಕಾಸು

'ಕಸದಿಂದ ರಸ' ಎಂಬ ಮಾತು ನಮ್ಮಲ್ಲಿ ಹಳೆಯದು. ಹಿತ್ತಿಲ ತಿಪ್ಪೆಯನ್ನು ಹೊಲಕ್ಕೆ ಗೊಬ್ಬರವಾಗಿಸಿ, ತೆಂಗಿನ ಗರಿಯನ್ನು ಬಚ್ಚಲೊಲೆಗೆ ಉರುವಲಾಗಿಸಿ, ಒಲೆಯ ಬೂದಿಯನ್ನು ಪಾತ್ರೆ ತಿಕ್ಕಲು ಎತ್ತಿಟ್ಟುಕೊಂಡು ಸಂಸಾರ ತೂಗಿಸಿದ ನಮ್ಮ ಹಿರಿಯರಿಗೆ ಕಸವೆಂಬ ಪದಾರ್ಥವೇ ಇರಲಿಲ್ಲವೆಂದರೂ ಸಲ್ಲುತ್ತದೆ. ಆದರೆ ಕಸವನ್ನು ಉರಿಸಿ ವಿದ್ಯುತ್ತನ್ನು ಪಡೆಯುವುದು, ಆ ವಿದ್ಯುತ್ತನ್ನು ಮಾರುವುದಲ್ಲದೆ 'ಇಷ್ಟು ಹೊಗೆಯನ್ನು ಲೋಕಕ್ಕೆ ಉಳಿಸಿಕೊಟ್ಟೆವು' ಎಂದು ಲೆಕ್ಕ ತೋರಿಸಿ ಪರದೇಶದವರಿಂದಲೂ ಹಣ ಎಣಿಸಿಕೊಳ್ಳುವುದು, ಇದು ನಮ್ಮ ಕಾಲದಲ್ಲಿ ಹುಟ್ಟಿದ ಹೊಸ ವ್ಯಾಪಾರ. ಈ ವ್ಯಾಪಾರದ ಸರಕಿಗೆ 'ಕಾರ್ಬನ್ ಕ್ರೆಡಿಟ್' ಎಂದು ಹೆಸರು. ಕನ್ನಡದಲ್ಲಿ ಇದನ್ನು 'ಇಂಗಾಲದ ಜಮೆ' ಎನ್ನಬಹುದು.

ಈ ಹೆಸರು ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಆದರೆ ಅದು ಏನು, ಯಾರಿಗೆ ದೊರೆಯುತ್ತದೆ, ಏಕೆ ದೊರೆಯುತ್ತದೆ, ಕೆಲವೊಮ್ಮೆ ಏಕೆ ದೊರೆಯುವುದಿಲ್ಲ ಎಂಬುದು ನಮ್ಮಲ್ಲಿ ಅನೇಕರಿಗೆ ಸ್ಪಷ್ಟವಾಗಿಲ್ಲ. ಇದನ್ನು ತಿಳಿಯಲು ಆಂಧ್ರದ ಎರಡು ಊರುಗಳೂ ನಮ್ಮ ಬಳ್ಳಾರಿ ಜಿಲ್ಲೆಯ ಒಂದು ಊರೂ ಸಾಕು.

ವಿಜಯವಾಡದ ಬೆಂಜ್ ಸರ್ಕಲ್ಲಿನಿಂದಲೇ ಹೊರಡೋಣ. ಹಿರಿಯರು ಬೆಜವಾಡವೆಂದು ಕರೆಯುತ್ತಿದ್ದ ಈ ಪಟ್ಟಣದಲ್ಲಿ ಚೆನ್ನೈ–ಕೋಲ್ಕತ್ತ ಹೆದ್ದಾರಿಯೂ ಹೈದರಾಬಾದಿನಿಂದ ಮಚಲೀಪಟ್ಟಣಕ್ಕೆ ಹೋಗುವ ಹೆದ್ದಾರಿಯೂ ಕೂಡುವ ಸ್ಥಳ ಅದು. ಸುತ್ತಲೂ ಬಟ್ಟೆ ಅಂಗಡಿ, ಹೋಟೆಲು, ಆಸ್ಪತ್ರೆ, ವಸತಿಯ ಬೀದಿಗಳು. ಹಗಲಿರುಳು ಜನಸಂದಣಿ. ಇಂತಹ ಸ್ಥಳದಲ್ಲಿ ಪ್ರತಿದಿನವೂ ಎಲೆ, ಕಾಗದ, ತರಕಾರಿ ಸಿಪ್ಪೆ, ಎಳನೀರಿನ ಬುರುಡೆ, ಪ್ಲಾಸ್ಟಿಕ್ಕು ರಾಶಿ ಬೀಳುವುದು ಸಹಜ. ಈ ಊರಿನ ಮತ್ತು ನೆರೆಯ ಗುಂಟೂರಿನ ಕಸವನ್ನು ಸೇರಿಸಿ ವಿದ್ಯುತ್ ತೆಗೆಯುವ 6 ಮೆಗಾವಾಟಿನ ಸ್ಥಾವರವೊಂದು 2003ರ ಸುಮಾರಿಗೆ ಇಲ್ಲಿ ಎದ್ದಿತು. ದೇಶವೇ ಅದರ ಕಡೆಗೆ ನೋಡಿತು. ಇಂಗಾಲದ ಜಮೆಗಾಗಿ ಅದನ್ನು ವಿಶ್ವಸಂಸ್ಥೆಯ ಪಟ್ಟಿಯಲ್ಲಿಯೂ ಬರೆಸಲಾಯಿತು. ಕೆಲವು ವರ್ಷಗಳಲ್ಲಿಯೇ ಅದು ನಿಂತುಹೋಯಿತು. ಇದೇ ಕಾಲದಲ್ಲಿ ಬಳ್ಳಾರಿಯ ಹತ್ತಿರದ ತೋರಣಗಲ್ಲಿನಲ್ಲಿ ಕಾರ್ಖಾನೆಯ ಅನಿಲವನ್ನು ಉರಿಸುವ ಯೋಜನೆಯೂ ಅದೇ ಪಟ್ಟಿಗೆ ಸೇರಿತು. ಅಲ್ಲಿ ಉಕ್ಕಿನ ಕೆಲಸವೂ ಅದರ ಅನಿಲದಿಂದ ವಿದ್ಯುತ್ ಪಡೆಯುವ ಕ್ರಮವೂ ಬೆಳೆದವು. ಒಂದು ನಿಂತು ಇನ್ನೊಂದು ನಡೆದುದೇಕೆ? ಇದಕ್ಕೆ ಉತ್ತರ ದೊರೆತರೆ ಇಂಗಾಲದ ಜಮೆಯ ಮರ್ಮವೂ ದೊರೆತಂತೆ.

ಗಾಳಿಗೆ ಬೆಲೆ ಬಂದ ಬಗೆ

ಕಲ್ಲಿದ್ದಲು, ಎಣ್ಣೆ, ಸೌದೆ ಯಾವುದನ್ನು ಉರಿಸಿದರೂ ಇಂಗಾಲಾಮ್ಲ ವಾಯು ಹೊರಡುತ್ತದೆ. ಈಗಿನ ಶಾಲಾ ಪುಸ್ತಕಗಳು ಇದನ್ನೇ ಕಾರ್ಬನ್ ಡೈಆಕ್ಸೈಡ್ ಎನ್ನುತ್ತವೆ. ಈ ವಾಯು ಭೂಮಿಗೆ ಹೊದಿಸಿದ ಕಂಬಳಿಯಂತೆ. ಬಿಸಿಲಿನ ಶಾಖ ಒಳಗೆ ಬರಲು ಬಿಡುತ್ತದೆ, ಹೊರಗೆ ಹೋಗಲು ಅಷ್ಟಾಗಿ ಬಿಡದು. ಯಂತ್ರಯುಗಕ್ಕೆ ಮೊದಲು ಗಾಳಿಯ 10 ಲಕ್ಷ ಭಾಗಗಳಲ್ಲಿ ಇದು ಸುಮಾರು 280 ಭಾಗವಿತ್ತು. ಈಗ 420ನ್ನು ದಾಟಿದೆ. ಕಂಬಳಿ ದಪ್ಪವಾದಂತೆ ಸೆಕೆಯೂ ಹೆಚ್ಚಬೇಕಷ್ಟೆ.

1997ರ ಡಿಸೆಂಬರ್ 11ರಂದು ಜಪಾನಿನ ಕ್ಯೋಟೋ ನಗರದಲ್ಲಿ ರಾಷ್ಟ್ರಗಳು ಒಂದು ಒಪ್ಪಂದ ಮಾಡಿಕೊಂಡವು. ಬಹುಕಾಲದಿಂದ ಹೊಗೆ ಬಿಟ್ಟು ಸಿರಿವಂತವಾದ ದೇಶಗಳು ತಮ್ಮ ಹೊಗೆಗೆ ಮಿತಿ ಹಾಕಿಕೊಳ್ಳಬೇಕು. ನಮ್ಮಂತಹ ಬೆಳೆಯುತ್ತಿರುವ ದೇಶಗಳಿಗೆ ಅಂತಹ ಕಟ್ಟಳೆ ಇಲ್ಲ. ಈ ಒಪ್ಪಂದ 2005ರ ಫೆಬ್ರವರಿ 16ರಂದು ಜಾರಿಗೆ ಬಂದಿತು. ಅದರ 12ನೆಯ ವಿಧಿಯಲ್ಲಿ ಒಂದು ಜಾಣತನದ ಏರ್ಪಾಡು ಇತ್ತು. ಸಿರಿವಂತ ದೇಶದ ಒಂದು ಕಾರ್ಖಾನೆ ತನ್ನಲ್ಲಿಯೇ ಹೊಗೆ ತಗ್ಗಿಸುವುದು ಬಹಳ ದುಬಾರಿಯಾದರೆ, ಬೆಳೆಯುತ್ತಿರುವ ದೇಶದಲ್ಲಿ ಅಷ್ಟೇ ಹೊಗೆಯನ್ನು ತಗ್ಗಿಸಿದವರಿಗೆ ಹಣ ಕೊಟ್ಟು ಅದನ್ನು ತನ್ನ ಲೆಕ್ಕಕ್ಕೆ ಹಾಕಿಕೊಳ್ಳಬಹುದು.

ಇದು ಮೋಸವಲ್ಲವೆ ಎಂದು ಯಾರಾದರೂ ಕೇಳಬಹುದು. ಊರ ಕೆರೆಯ ಹೂಳನ್ನು ಮೂಡಣ ದಂಡೆಯಿಂದ ತೆಗೆದರೇನು, ಪಡುವಣ ದಂಡೆಯಿಂದ ತೆಗೆದರೇನು? ಕೆರೆಯಲ್ಲಿ ನಿಲ್ಲುವ ನೀರು ಒಂದೇ. ಜರ್ಮನಿಯ ಹೊಗೆಯೂ ಬಳ್ಳಾರಿಯ ಹೊಗೆಯೂ ಸೇರುವುದು ಒಂದೇ ಆಕಾಶಕ್ಕೆ. ಅಗ್ಗವಾದ ಕಡೆ ಮೊದಲು ತಗ್ಗಿಸೋಣ ಎಂಬುದು ಈ ಏರ್ಪಾಡಿನ ತರ್ಕ. ಆದರೆ ಹೂಳನ್ನು ನಿಜವಾಗಿ ತೆಗೆದಿರಬೇಕು. ತೆಗೆದೆನೆಂದು ಪುಸ್ತಕದಲ್ಲಿ ಬರೆದರೆ ನೀರು ಹೆಚ್ಚದು.

ಹೀಗೆ ತಗ್ಗಿಸಿದ 1 ಟನ್ನು ಇಂಗಾಲಾಮ್ಲ ವಾಯುವಿಗೆ 1 ಜಮೆ. ಬೇರೆ ವಾಯುಗಳನ್ನು ಇದರ ಅಳತೆಗೆ ಇಳಿಸಿ ಎಣಿಸುತ್ತಾರೆ. ತಿಪ್ಪೆಯ ಒಡಲಲ್ಲಿ, ಗಾಳಿಯಾಡದ ಕಡೆ, ಹಸಿ ಕಸ ಕೊಳೆತಾಗ ಹುಟ್ಟುವ ಮಿಥೇನ್ ವಾಯು ಕ್ಯೋಟೋದ ಮೊದಲ ಅವಧಿಯ ಲೆಕ್ಕದಲ್ಲಿ 21 ಪಟ್ಟು ಬಲವುಳ್ಳದ್ದು. ಆದುದರಿಂದ 1 ಟನ್ನು ಮಿಥೇನ್ ಆಕಾಶಕ್ಕೆ ಏರದಂತೆ ಸುಟ್ಟರೆ ಸುಮಾರು 21 ಟನ್ನಿನ ಪುಣ್ಯ. ಈ ಏರ್ಪಾಡಿನಲ್ಲಿ ಲೋಕದಲ್ಲೇ ಮೊದಲು ನೋಂದಾವಣೆಯಾದ ಯೋಜನೆಯೂ ಕಸದ್ದೇ ಎಂಬುದು ಸ್ವಾರಸ್ಯ. 2004ರ ನವೆಂಬರಿನಲ್ಲಿ ಬ್ರೆಜಿಲ್ ದೇಶದ ನೋವಾ ಇಗ್ವಾಸು ಎಂಬಲ್ಲಿ ಕಸದ ಗುಡ್ಡೆಯ ವಾಯುವನ್ನು ಹಿಡಿದು ಉರಿಸುವ ಯೋಜನೆ ಆ ಮರ್ಯಾದೆ ಪಡೆಯಿತು.

ಒಂದು ಜಮೆ ಹುಟ್ಟುವ ಪರಿ

ಇಂಗಾಲದ ಜಮೆ ಸರಕಾರದ ಸಹಾಯಧನದಂತೆ ಮುಂಗಡವಾಗಿ ಬರುವುದಿಲ್ಲ. ಇದನ್ನು ಓದುಗರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಅದು ದಾನವೂ ಅಲ್ಲ, ಸಾಲವೂ ಅಲ್ಲ, ಕೂಲಿ. ಗದ್ದೆ ನೆಟ್ಟ ಮೇಲೆ ಸಂಜೆ ಕೊಡುವ ಕೂಲಿಯ ಹಾಗೆ ಕೆಲಸ ಮುಗಿದ ಮೇಲೆಯೇ ಅದು ಕೈಗೆ ಬರುವುದು.

ಯೋಜನೆಯವರು ಮೊದಲು ಒಂದು ವಿವರಪತ್ರ ಬರೆಯಬೇಕು. ಯೋಜನೆ ಇಲ್ಲದಿದ್ದರೆ ಎಷ್ಟು ಹೊಗೆ ಹೋಗುತ್ತಿತ್ತು, ಇದ್ದರೆ ಎಷ್ಟು ಹೋಗುತ್ತದೆ ಎಂಬ ಎರಡು ಲೆಕ್ಕಗಳು ಅದರಲ್ಲಿರಬೇಕು. ಅದಕ್ಕೆ ದೇಶದ ಅಧಿಕಾರಿಗಳ ಒಪ್ಪಿಗೆ ಬೇಕು. ನಮ್ಮಲ್ಲಿ ಇದಕ್ಕಾಗಿ 2003ರ ಡಿಸೆಂಬರಿನಲ್ಲಿ ಕೇಂದ್ರದ ಪರಿಸರ ಮಂತ್ರಾಲಯದಡಿ ಒಂದು ಪ್ರಾಧಿಕಾರವನ್ನು ನೇಮಿಸಿದರು. ಬಳಿಕ ಹೊರಗಿನ ಪರೀಕ್ಷಕರು ಬಂದು ಲೆಕ್ಕ ತಾಳೆ ನೋಡಬೇಕು. ಆಮೇಲೆ ವಿಶ್ವಸಂಸ್ಥೆಯ ಕಾರ್ಯಕಾರಿ ಮಂಡಲಿಯಲ್ಲಿ ನೋಂದಾವಣೆ. ನೋಂದಾವಣೆಯಾದರೂ ಕಾಸು ಬರಲಿಲ್ಲ! ಯಂತ್ರ ಓಡಬೇಕು, ಮಾಪಕಗಳಲ್ಲಿ ಅಂಕಿ ಏರಬೇಕು, ಅದನ್ನು ಪರೀಕ್ಷಕರು ಮತ್ತೆ ಬಂದು ಒಪ್ಪಬೇಕು. ಆಗ ಜಮೆ ಬಿಡುಗಡೆ. ಅದರಲ್ಲಿಯೂ ನೂರಕ್ಕೆ 2ರಂತೆ, ಹವಾಮಾನದ ಪೆಟ್ಟಿಗೆ ಸಿಕ್ಕಿದ ಬಡ ದೇಶಗಳ ನೆರವಿನ ನಿಧಿಗೆ ತೆಗೆದಿಡುತ್ತಿದ್ದರು. ದೇವರ ಹುಂಡಿಗೆ ಕಾಣಿಕೆ ಹಾಕಿ ವ್ಯಾಪಾರ ಆರಂಭಿಸುವ ಸೆಟ್ಟರ ಪದ್ಧತಿ ನೆನಪಾಗುತ್ತದೆ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಒಂದಿದೆ: 'ಈ ಹಣ ಬಾರದಿದ್ದರೂ ನೀವು ಈ ಕೆಲಸ ಮಾಡುತ್ತಿದ್ದಿರಾ?' ಹೌದೆಂದರೆ ಜಮೆ ಇಲ್ಲ. ಹೇಗೂ ನಡೆಯುತ್ತಿದ್ದ ಕೆಲಸಕ್ಕೆ ಹಣ ಕೊಟ್ಟರೆ ಆಕಾಶಕ್ಕೆ ಲಾಭವೇನು? ಹಣ ಕೊಟ್ಟವನು ತನ್ನ ಊರಿನಲ್ಲಿ ಹೊಗೆ ಬಿಟ್ಟುಕೊಂಡಿರುತ್ತಾನೆ, ಇಲ್ಲಿ ಹೆಚ್ಚಿಗೆ ಏನೂ ತಗ್ಗಿರುವುದಿಲ್ಲ. ಒಟ್ಟಿನಲ್ಲಿ ಹೊಗೆ ಹೆಚ್ಚಿದಂತಾಯಿತು. ಆದುದರಿಂದ ಈ ಪ್ರಶ್ನೆಗೆ ಕೊಡುವ ಪ್ರಾಮಾಣಿಕ ಉತ್ತರದ ಮೇಲೆಯೇ ಈ ವ್ಯಾಪಾರದ ಮಾನ ನಿಂತಿದೆ.

ಮೊತ್ತ ಎಷ್ಟಾದೀತು? ಉದಾಹರಣೆಗೆಂದು ಒಂದು ಲೆಕ್ಕ ಹಾಕೋಣ. 6 ಮೆಗಾವಾಟಿನ ಸ್ಥಾವರ ವರ್ಷದಲ್ಲಿ ನೂರಕ್ಕೆ 80ರಷ್ಟು ಕಾಲ ಪೂರ್ಣವಾಗಿ ಓಡಿದರೆ ಸುಮಾರು 4 ಕೋಟಿ 20 ಲಕ್ಷ ಯೂನಿಟ್ ವಿದ್ಯುತ್ತಾಗುತ್ತದೆ. ನಮ್ಮ ದೇಶದಲ್ಲಿ ವಿದ್ಯುತ್ತು ಬಹುಮಟ್ಟಿಗೆ ಕಲ್ಲಿದ್ದಲಿನಿಂದ ಬರುವುದರಿಂದ 1,000 ಯೂನಿಟ್ಟಿಗೆ ಸುಮಾರು ಮುಕ್ಕಾಲು ಟನ್ನು ಇಂಗಾಲಾಮ್ಲ ವಾಯು ಹೊರಡುತ್ತದೆಂದು ಹಿಡಿಯಬಹುದು. ಅಂದರೆ ವರ್ಷಕ್ಕೆ ಸುಮಾರು 31,500 ಟನ್ನು ಉಳಿತಾಯ. ಜಮೆಯೊಂದಕ್ಕೆ 10 ಯೂರೋ ಬೆಲೆಯಿದ್ದರೆ 3 ಲಕ್ಷ 15 ಸಾವಿರ ಯೂರೋ. ತಿಪ್ಪೆಯ ಮಿಥೇನ್ ತಪ್ಪಿಸಿದ್ದಕ್ಕೆ ಇನ್ನಷ್ಟು ಕೂಡುತ್ತದೆ. ಕಸದೊಳಗಿನ ಪ್ಲಾಸ್ಟಿಕ್ಕು ಉರಿದುದಕ್ಕೆ ಸ್ವಲ್ಪ ಕಳೆಯುತ್ತದೆ. ಆದರೆ ಯಂತ್ರ ಅರ್ಧ ವರ್ಷ ನಿಂತರೆ ಜಮೆಯೂ ಅರ್ಧ. ಪೂರ್ತಿ ನಿಂತರೆ ಜಮೆ ಸೊನ್ನೆ.

ತೋರಣಗಲ್ಲಿನ ಅನಿಲ

ಈಗ ತೋರಣಗಲ್ಲಿಗೆ ಬರೋಣ. ಬಳ್ಳಾರಿ–ಹೊಸಪೇಟೆ ದಾರಿಯಲ್ಲಿರುವ ಈ ಊರಿನಲ್ಲಿ ಜಿಂದಾಲರ ವಿಜಯನಗರ ಉಕ್ಕಿನ ಕಾರ್ಖಾನೆಯಿದೆ. 1999ರಲ್ಲಿ ಇಲ್ಲಿ 'ಕೊರೆಕ್ಸ್' ಎಂಬ ಹೊಸ ವಿಧಾನದಿಂದ ಕಬ್ಬಿಣ ಕರಗಿಸಲು ಆರಂಭಿಸಿದರು. ಹಳೆಯ ಊದುಕುಲುಮೆಗೆ ಕೋಕು ಬೇಕು, ಊದಲು ಬಿಸಿಗಾಳಿ ಬೇಕು. ಗಾಳಿಯ ಬಹುಭಾಗ ಸಾರಜನಕವಾದುದರಿಂದ ಕುಲುಮೆಯ ತಲೆಯಿಂದ ಹೊರಡುವ ಅನಿಲದಲ್ಲಿ ಸುಡಲಾರದ ಸಾರಜನಕವೇ ಅರ್ಧದಷ್ಟು ತುಂಬಿರುತ್ತದೆ. ಕೊರೆಕ್ಸಿನಲ್ಲಿ ಹಾಗಲ್ಲ. ಬಹುಪಾಲು ಕಲ್ಲಿದ್ದಲನ್ನೇ ನೇರವಾಗಿ ಹಾಕಿ, ಗಾಳಿಯ ಬದಲು ಆಮ್ಲಜನಕವನ್ನು ಊದುತ್ತಾರೆ. ಆದುದರಿಂದ ಹೊರಬರುವ ಅನಿಲದಲ್ಲಿ ಉರಿಯುವ ಅಂಶ ಹೆಚ್ಚು. ಊದುಕುಲುಮೆಯ ಅನಿಲಕ್ಕಿಂತ ಸುಮಾರು ಎರಡರಷ್ಟು ಶಾಖ ಕೊಡುತ್ತದೆ.

ಈ ಅನಿಲವನ್ನು ಏನು ಮಾಡುವುದು? ಸುಮ್ಮನೆ ಬಿಡುವಂತಿಲ್ಲ, ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಪ್ರಾಣಾಪಾಯದ ವಿಷ. ಎತ್ತರದ ಕೊಳವೆಯ ತುದಿಯಲ್ಲಿ ದೀಪದಂತೆ ಉರಿಸಿ ಕಳೆಯಬಹುದು. ಹಾಗೆ ಮಾಡಿದರೆ ವಿಷ ಹೋಗುತ್ತದೆ. ಶಾಖವೂ ಹೋಗುತ್ತದೆ, ಅತ್ತ ಕಾರ್ಖಾನೆಯ ಯಂತ್ರಗಳಿಗಾಗಿ ಬೇರೆ ಕಡೆ ಕಲ್ಲಿದ್ದಲು ಸುಡಬೇಕಾಗುತ್ತದೆ. ತೋರಣಗಲ್ಲಿನಲ್ಲಿ ಈ ಅನಿಲವನ್ನು ಕೊಳವೆಗಳಲ್ಲಿ ತಂದು, 130 ಮೆಗಾವಾಟಿನ ಎರಡು ಘಟಕಗಳಿದ್ದ ವಿದ್ಯುತ್ ಕೇಂದ್ರದ ಬಾಯ್ಲರುಗಳಲ್ಲಿ ಉರಿಸಿದರು. ಊದುಕುಲುಮೆಯ ಮತ್ತು ಕೊರೆಕ್ಸಿನ ಅನಿಲಗಳಿಂದ ವಿದ್ಯುತ್ ಪಡೆಯುವ ಈ ಕೆಲಸ ಇಂಗಾಲದ ಜಮೆಗಾಗಿ ವಿಶ್ವಸಂಸ್ಥೆಯಲ್ಲಿ ನೋಂದಾವಣೆಯಾಯಿತು.

ಇಲ್ಲಿನ ಅನುಕೂಲ ನೋಡಿರಿ. ಕಸ ಹುಟ್ಟುವ ಜಾಗವೂ ಉರಿಯುವ ಜಾಗವೂ ಒಂದೇ ಆವರಣ. ಇಂದು ಬಂದ ಅನಿಲ ನಿನ್ನೆಯ ಅನಿಲದಂತೆಯೇ ಇರುತ್ತದೆ. ಅದರಲ್ಲಿ ಕಲ್ಲಿಲ್ಲ, ನೀರಿಲ್ಲ, ಒಡೆದ ಗಾಜಿಲ್ಲ. ಕೊಳವೆಯಲ್ಲಿ ಒಂದು ಮಾಪಕ ಕೂಡಿಸಿದರೆ ಎಷ್ಟು ಹರಿಯಿತೆಂಬುದು ಗಳಿಗೆ ಗಳಿಗೆಗೂ ತಿಳಿಯುತ್ತದೆ. ಅಳೆಯಬಲ್ಲದ್ದಕ್ಕೆ ಮಾತ್ರ ಕೂಲಿ ಕೊಡುವ ಈ ವ್ಯಾಪಾರಕ್ಕೆ ಇದಕ್ಕಿಂತ ಹೊಂದುವ ಕಸ ಇನ್ನೊಂದಿಲ್ಲ.

ನಮ್ಮ ಸಕ್ಕರೆ ಕಾರ್ಖಾನೆಗಳ ಕಬ್ಬಿನ ಸಿಪ್ಪೆಯೂ ಇದೇ ಜಾತಿಯದು. ಗಾಣದಿಂದ ಹೊರಬಂದ ಸಿಪ್ಪೆ ಕಾರ್ಖಾನೆಯಲ್ಲಿಯೇ ಇರುತ್ತದೆ. ಹೆಚ್ಚಿನ ಒತ್ತಡದ ಬಾಯ್ಲರಿನಲ್ಲಿ ಉರಿಸಿದರೆ ತನ್ನ ಅಗತ್ಯ ತೀರಿಸಿ ಮಿಕ್ಕ ವಿದ್ಯುತ್ತನ್ನು ಹೊರಗೆ ಮಾರಬಹುದು. ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯ ಗೋದಾವರಿ ಸಕ್ಕರೆ ಕಾರ್ಖಾನೆಯ 24 ಮೆಗಾವಾಟಿನ ಯೋಜನೆ ಹೀಗೆಯೇ ಪಟ್ಟಿಗೆ ಸೇರಿತು. ಕಬ್ಬು ಬೆಳೆಯುವಾಗ ಗಾಳಿಯಿಂದ ಹೀರಿದ ಇಂಗಾಲವೇ ಸಿಪ್ಪೆ ಉರಿದಾಗ ಗಾಳಿಗೆ ಮರಳುವುದರಿಂದ ಅದನ್ನು ಹೊಸ ಹೊಗೆಯೆಂದು ಎಣಿಸುವುದಿಲ್ಲ.

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ 2001ರಲ್ಲಿ ಆರಂಭವಾದ 4.5 ಮೆಗಾವಾಟಿನ ಸ್ಥಾವರ ಇನ್ನೂ ಕಷ್ಟದ ದಾರಿ ಹಿಡಿಯಿತು. ಕಬ್ಬಿನ ತರಗು, ತೆಂಗಿನ ಗರಿಯಂತಹ ಹಗುರ ಶೇಷವನ್ನು ಸುತ್ತಲಿನ ರೈತರಿಂದ ಕೊಂಡು ಉರಿಸಿತು. ಕಸವನ್ನು ಕಂತೆ ಕಟ್ಟಿ ತಂದುಕೊಡುವವರಿಗೆ ಬೆಲೆ ಕೊಟ್ಟರೆ ಕಸವೂ ಶುದ್ಧವಾಗಿ ಬರುತ್ತದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಇದು ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಎಂದು ಭಾವಿಸಬೇಕಿಲ್ಲ. ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ ಬಾಗೇಪಲ್ಲಿಯ ಸುತ್ತಿನ ಹಳ್ಳಿಗಳಲ್ಲಿ 5,500 ಮನೆಗಳಿಗೆ ಸಗಣಿ ಅನಿಲದ ಗುಂಡಿ ಕಟ್ಟಿಸುವ ಯೋಜನೆಯೂ 2005ರ ಡಿಸೆಂಬರಿನಲ್ಲಿ ನೋಂದಾವಣೆಯಾಯಿತು. ಅಲ್ಲಿ ಮಾಪಕ ಕಾಯುವವರು ಅಡುಗೆ ಮನೆಯ ಗೃಹಿಣಿಯರು. ಒಲೆ ಉರಿದರೆ ಜಮೆ, ಉರಿಯದಿದ್ದರೆ ಇಲ್ಲ.

ವಿಶಾಖಪಟ್ಟಣದ ಕೋಕು

ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆ ನಮಗೆ ಬೇರೊಂದು ಪಾಠ ಹೇಳುತ್ತದೆ. 1992ರ ಆಗಸ್ಟ್ 1ರಂದು ಪ್ರಧಾನಿ ಪಿ. ವಿ. ನರಸಿಂಹರಾಯರು ರಾಷ್ಟ್ರಕ್ಕೆ ಅರ್ಪಿಸಿದ ಕಾರ್ಖಾನೆ ಇದು. ಕೋಕಿನ ಒಲೆಯಿಂದ ಹೊರಬಿದ್ದ ಕೆಂಡ ಸುಮಾರು 1,000 ಡಿಗ್ರಿ ಬಿಸಿಯಿರುತ್ತದೆ. ಹಳೆಯ ಕಾರ್ಖಾನೆಗಳಲ್ಲಿ ಅದರ ಮೇಲೆ ನೀರು ಸುರಿದು ಆರಿಸುತ್ತಾರೆ. ಶಾಖವೆಲ್ಲ ಬಿಳಿ ಹಬೆಯಾಗಿ ಹಾರಿಹೋಗುತ್ತದೆ. ವಿಶಾಖಪಟ್ಟಣದಲ್ಲಿ ಮೊದಲಿನಿಂದಲೇ ನೀರಿನ ಬದಲು ಸಾರಜನಕವನ್ನು ಹಾಯಿಸಿ ಕೆಂಡವನ್ನು ತಣಿಸುವ ಏರ್ಪಾಡು ಮಾಡಿದರು. ಕಾದ ಸಾರಜನಕ ಬಾಯ್ಲರಿನಲ್ಲಿ ಹಬೆ ಮಾಡುತ್ತದೆ, ಹಬೆ ಯಂತ್ರ ತಿರುಗಿಸುತ್ತದೆ. ನಮ್ಮ ದೇಶದಲ್ಲಿ ಈ ಪದ್ಧತಿಗೆ ಇದೇ ಮೊದಲು.

ಇಂತಹ ಸತ್ಕಾರ್ಯಕ್ಕೆ ಜಮೆ ಸಿಗಬೇಡವೆ? ಸಿಗದು. 2000ದ ಜನವರಿ 1ಕ್ಕೆ ಮೊದಲು ಆರಂಭವಾದ ಕೆಲಸಗಳಿಗೆ ಈ ಏರ್ಪಾಡಿನಲ್ಲಿ ಪ್ರವೇಶವೇ ಇರಲಿಲ್ಲ. ಮೊದಲೇ ಒಳ್ಳೆಯದನ್ನು ಮಾಡಿದವನಿಗೆ ಕೂಲಿ ಇಲ್ಲ, ತಡವಾಗಿ ಮಾಡಿದವನಿಗೆ ಉಂಟು! ಮೇಲುನೋಟಕ್ಕೆ ಅನ್ಯಾಯವೆಂದು ತೋರಬಹುದು. ಆದರೆ ನಿಯಮದ ದೃಷ್ಟಿ ಬೇರೆ: ಜಮೆ ಎಂಬುದು ಒಳ್ಳೆಯತನಕ್ಕೆ ಕೊಡುವ ಬಹುಮಾನವಲ್ಲ, ಹೊಸದಾಗಿ ತಗ್ಗಿಸಿದ ಹೊಗೆಯ ಬೆಲೆ. ವಿಶಾಖಪಟ್ಟಣದವರಿಗೆ ಉಳಿದ ಶಾಖವೇ ಲಾಭವಾಯಿತು. ಮುಂದೆ ಅವರು ಜಪಾನಿನ ನೆಡೋ ಸಂಸ್ಥೆಯ ನೆರವಿನಿಂದ, ಬೇಯಿಸಿದ ಅದಿರು ಆರುವಾಗ ಹೊರಡುವ ಬಿಸಿಗಾಳಿಯಿಂದಲೂ 20.6 ಮೆಗಾವಾಟ್ ವಿದ್ಯುತ್ ತೆಗೆಯುವ ಘಟಕವನ್ನು ಕಟ್ಟಿದರು.

ವಿಜಯವಾಡದ ಕಸ

ಇನ್ನು ವಿಜಯವಾಡದ ಸ್ಥಾವರ. ಶ್ರೀರಾಮ್ ಎನರ್ಜಿ ಸಿಸ್ಟಮ್ಸ್ ಎಂಬ ಸಂಸ್ಥೆ ಇದನ್ನು ಕಟ್ಟಿತು. ಕೇಂದ್ರ ವಿಜ್ಞಾನ ಇಲಾಖೆಯ ಆಶ್ರಯದಲ್ಲಿ ರೂಪುಗೊಂಡ ವಿಧಾನ ಅದರದು. ಊರಿನ ಕಸವನ್ನು ಒಣಗಿಸಿ, ಕಲ್ಲುಮಣ್ಣು ಬೇರ್ಪಡಿಸಿ, ಚೂರು ಮಾಡಿ, ಉರುವಲಾಗಿ ಮಾರ್ಪಡಿಸಿ ಬಾಯ್ಲರಿಗೆ ಹಾಕುವುದು. ಹೈದರಾಬಾದಿನ ಹತ್ತಿರವೂ ಇದೇ ಮಾದರಿಯ ಇನ್ನೊಂದು ಸ್ಥಾವರ ಇದೇ ಸಮಯದಲ್ಲಿ ಎದ್ದಿತು. ಕೆಲವು ವರ್ಷಗಳಲ್ಲಿ ಎರಡೂ ನಿಂತವು.

ತೊಂದರೆಯ ಬೇರು ಕಸದಲ್ಲಿಯೇ ಇದೆ. ಹಸಿ ಸೌದೆಯನ್ನು ಬಚ್ಚಲೊಲೆಗೆ ತುರುಕಿ ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಊರುಗಳ ಕಲಬೆರಕೆ ಕಸದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಒಂದು ಕಿಲೋ ನೀರನ್ನು ಹಬೆ ಮಾಡಲು 600 ಕಿಲೋ ಕ್ಯಾಲೊರಿಗಿಂತಲೂ ಹೆಚ್ಚು ಶಾಖ ಬೇಕು. ಕಸದ ಶಾಖಮೂಲ್ಯವೇ ಕಿಲೋಗೆ 800ರಿಂದ 1,000ದ ಆಸುಪಾಸು. ಭತ್ತದ ಹೊಟ್ಟಿನದು 3,000ದಷ್ಟು. ಅಂದಮೇಲೆ ಹಸಿ ಕಸದ ಕಿಚ್ಚು ತನ್ನ ನೀರನ್ನು ತಾನೇ ಒಣಗಿಸಿಕೊಳ್ಳುವುದರಲ್ಲಿ ಸೊರಗುತ್ತದೆ. ಯೂರೋಪಿನ ಒಣ ಕಸಕ್ಕೆ ಹೊಂದುವ ಯಂತ್ರ ನಮ್ಮ ಬಾಳೆಲೆ, ಸೊಪ್ಪು, ಸಾರಿನನ್ನಕ್ಕೆ ಹೊಂದಲಾರದು.

ಇದಕ್ಕೆ ಮೊದಲೇ ದೆಹಲಿ ಪಾಠ ಕಲಿಸಿತ್ತು. 1987ರಲ್ಲಿ ತಿಮಾರಪುರದಲ್ಲಿ ಡೆನ್ಮಾರ್ಕಿನ ವಿಧಾನದಂತೆ, ದಿನಕ್ಕೆ 300 ಟನ್ನು ಕಸ ಉರಿಸಿ 3.75 ಮೆಗಾವಾಟ್ ತೆಗೆಯಲು ಕಟ್ಟಿದ ಸ್ಥಾವರ 21 ದಿನ ಓಡಿ ನಿಂತಿತು. ಬಂದ ಕಸದಲ್ಲಿ ಯಂತ್ರಕ್ಕೆ ಬೇಕಾಗಿದ್ದುದರ ಅರ್ಧದಷ್ಟೇ ಶಾಖವಿತ್ತು.

ನ್ಯಾಯಾಲಯವೂ ಈ ವಿಷಯಕ್ಕೆ ಕೈಹಾಕಿತು. ಬೆಂಗಳೂರಿನ ಅಲ್ಮಿತ್ರಾ ಪಟೇಲರು 1996ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಊರುಗಳ ಕಸದ ಬಗ್ಗೆ ಮೊಕದ್ದಮೆ ಹೂಡಿದರು. ಅದರ ಫಲವಾಗಿಯೇ 2000ದಲ್ಲಿ ದೇಶಕ್ಕೆ ಕಸದ ನಿಯಮಗಳು ಬಂದವು. ಅದೇ ಮೊಕದ್ದಮೆಯಲ್ಲಿ 2005ರಲ್ಲಿ ನ್ಯಾಯಾಲಯವು ಕಸದಿಂದ ವಿದ್ಯುತ್ ತೆಗೆಯುವ ಹೊಸ ಸ್ಥಾವರಗಳಿಗೆ ಸಹಾಯಧನ ಕೊಡುವುದನ್ನು ತಡೆದು, ತಜ್ಞರ ಪರಿಶೀಲನೆಯಾಗಲೆಂದು ಹೇಳಿತು. 2007ರಲ್ಲಿ ಪ್ರಯೋಗಾರ್ಥವಾಗಿ 5 ಯೋಜನೆಗಳಿಗೆ ಮಾತ್ರ ಅನುಮತಿ ಕೊಟ್ಟಿತು.

ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಹೆಸರು ಬರೆಸಿದ್ದು ವಿಜಯವಾಡದ ಸ್ಥಾವರವನ್ನು ಏಕೆ ಉಳಿಸಲಿಲ್ಲ? ಉಳಿಸುವುದು ಅದರ ಸ್ವಭಾವವೇ ಅಲ್ಲ. ಕಿಚ್ಚು ಹತ್ತಿದ ಮೇಲೆ ಕಾಸು. ಕಾಸಿನಿಂದ ಕಿಚ್ಚು ಹತ್ತದು. ಜಮೆಯ ಆಸೆ ಹಸಿ ಕಸವನ್ನು ಒಣಗಿಸಲಾರದು, ಅದರೊಳಗಿನ ಕಲ್ಲನ್ನು ಆರಿಸಲಾರದು. ತೋರಣಗಲ್ಲಿಗೆ ಶುದ್ಧವಾದ ಕಸ ಕೊಳವೆಯಲ್ಲಿ ಬಂದಿತು. ವಿಜಯವಾಡಕ್ಕೆ ಕಲಬೆರಕೆಯ ಕಸ ಲಾರಿಯಲ್ಲಿ ಬಂದಿತು. ವ್ಯತ್ಯಾಸದ ಮೂಲ ಇಲ್ಲಿದೆ.

ವಿಜಯವಾಡದಲ್ಲಿಯೇ ಸಂತೆಯ ತರಕಾರಿ ಕಸವನ್ನೂ ಕಸಾಯಿಖಾನೆಯ ಶೇಷವನ್ನೂ ಕೊಳೆಸಿ ಅನಿಲ ಪಡೆಯುವ ಚಿಕ್ಕ ಘಟಕವನ್ನೂ ಕಟ್ಟಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಹಸಿಯದಕ್ಕೆ ಕೊಳೆಯುವ ದಾರಿ, ಒಣಗಿದ್ದಕ್ಕೆ ಉರಿಯುವ ದಾರಿ. ಎರಡನ್ನೂ ಒಂದೇ ಒಲೆಗೆ ನೂಕಿದರೆ ಎರಡೂ ಕೆಡುತ್ತವೆ.

ಆಂಧ್ರದವರು ಪ್ರಯತ್ನ ಬಿಡಲಿಲ್ಲ. 2022ರಲ್ಲಿ ಗುಂಟೂರು–ವಿಜಯವಾಡದ ಕಡೆಯ ಕಸಕ್ಕಾಗಿ ಕೊಂಡವೀಡಿನ ಬಳಿಯಲ್ಲಿಯೂ ವಿಶಾಖಪಟ್ಟಣದ ಕಸಕ್ಕಾಗಿ ಕಾಪುಲುಪ್ಪಾಡದಲ್ಲಿಯೂ ತಲಾ 15 ಮೆಗಾವಾಟಿನ ಸ್ಥಾವರಗಳು ಆರಂಭವಾದವು. ನಮ್ಮ ಬೆಂಗಳೂರಿನ ಕಸಕ್ಕಾಗಿ ಬಿಡದಿಯಲ್ಲಿ 11.5 ಮೆಗಾವಾಟಿನ ಸ್ಥಾವರವನ್ನು ಕಟ್ಟಿದ್ದಾರೆ. ಯಂತ್ರಗಳು ಸುಧಾರಿಸಿವೆ, ಬಾಳೆಲೆಯಲ್ಲಿನ ನೀರು ಮಾತ್ರ ಮೊದಲಿನಷ್ಟೇ ಇದೆ.

ಬೆಲೆ ಕುಸಿದ ಕತೆ

ಜಮೆಯ ಬೆಲೆಯ ಕತೆಯೂ ಹೇಳಬೇಕಾದದ್ದೇ. 2008ರಲ್ಲಿ ಯೂರೋಪಿನ ಪೇಟೆಯಲ್ಲಿ ಒಂದು ಜಮೆಗೆ 20 ಯೂರೋಗಿಂತ ಹೆಚ್ಚು ಬೆಲೆಯಿತ್ತು. 2012ರ ಕೊನೆಗೆ ಅದು 1 ಯೂರೋಗಿಂತ ಕೆಳಗಿಳಿಯಿತು. ಮೇಲೆ ಹಾಕಿದ ಲೆಕ್ಕದ 31,500 ಜಮೆಗಳಿಗೆ ಮೊದಲು 6 ಲಕ್ಷ ಯೂರೋ ಸಿಗುತ್ತಿದ್ದರೆ, ಅರ್ಧ ಯೂರೋ ಬೆಲೆಗೆ 16 ಸಾವಿರವೂ ಸಿಗದಂತಾಯಿತು. ಯೂರೋಪಿನಲ್ಲಿ ವ್ಯಾಪಾರ ಮಂದವಾಗಿ ಕೊಳ್ಳುವವರು ಕಡಮೆಯಾದರು, ಮಾರುವವರು ಹೆಚ್ಚಿದರು. ಜೊತೆಗೆ ನಂಬಿಕೆಯೂ ಕುಂದಿತು.

ನಂಬಿಕೆ ಕುಂದಿದ್ದು ಹೀಗೆ. ಶೀತಯಂತ್ರಗಳಿಗೆ ಬೇಕಾದ ಒಂದು ಅನಿಲ ತಯಾರಿಸುವಾಗ ಎಚ್‌ಎಫ್‌ಸಿ–23 ಎಂಬ ಬೇಡದ ವಾಯು ಹುಟ್ಟುತ್ತದೆ. ಅದರ ಬಲವನ್ನು 11,700 ಪಟ್ಟು ಎಂದು ಎಣಿಸಿದ್ದರು. ಅಂದರೆ ಅದರ 1 ಟನ್ನನ್ನು ಸುಟ್ಟರೆ 11,700 ಜಮೆ! ಭಾರತದಿಂದ ಮೊದಲು, 2005ರ ಮಾರ್ಚಿನಲ್ಲಿ, ನೋಂದಾವಣೆಯಾದುದೂ ಗುಜರಾತಿನ ಇಂತಹದೇ ಒಂದು ಯೋಜನೆ. ಕಸವನ್ನು ಸುಟ್ಟ ಲಾಭ ಸರಕನ್ನು ಮಾರಿದ ಲಾಭಕ್ಕಿಂತ ಹೆಚ್ಚಾದರೆ, ಕಸಕ್ಕಾಗಿಯೇ ಸರಕು ತಯಾರಿಸುವ ಆಸೆ ಹುಟ್ಟದೆ? ಲೋಕದ ಹಲವೆಡೆ ಈ ಸಂಶಯ ಎದ್ದಿತು. 2013ರಿಂದ ಯೂರೋಪಿನವರು ಇಂತಹ ಜಮೆಗಳನ್ನು ಒಪ್ಪುವುದನ್ನು ಬಿಟ್ಟರು. ಕಬ್ಬಿಣದ ಕಾರ್ಖಾನೆಗಳ ಅನಿಲ ಯೋಜನೆಗಳ ಬಗ್ಗೆಯೂ ಟೀಕಾಕಾರರ ಪ್ರಶ್ನೆ ಇದ್ದೇ ಇತ್ತು: ಪುಕ್ಕಟೆ ಶಾಖವನ್ನು ಜಮೆ ಇಲ್ಲದಿದ್ದರೂ ಯಾವ ಜಾಣ ವ್ಯಾಪಾರಿ ಬಿಟ್ಟಾನು? ಒಂದೊಂದು ಕಾರ್ಖಾನೆಗೂ ಇದರ ಉತ್ತರ ಬೇರೆಯಾಗಬಹುದು. ಪ್ರಶ್ನೆಯನ್ನು ಮಾತ್ರ ಕೇಳಲೇಬೇಕು.

ಇನ್ನು ಮುಂದೆ

ವ್ಯಾಪಾರ ಮುಗಿಯಿತೆಂದಲ್ಲ. 2015ರ ಪ್ಯಾರಿಸ್ ಒಪ್ಪಂದದಲ್ಲಿ ಇದಕ್ಕೆ ಹೊಸ ರೂಪ ಬಂದಿತು. ಅಲ್ಲಿ ಬೆಳೆಯುತ್ತಿರುವ ದೇಶಗಳೂ ತಮ್ಮದೇ ಗುರಿಗಳನ್ನು ಹಾಕಿಕೊಂಡಿವೆ. ಆದುದರಿಂದ ಹೊರಗೆ ಮಾರಿದ ಜಮೆಯನ್ನು ನಮ್ಮ ಲೆಕ್ಕದಿಂದ ಕಳೆಯಬೇಕು; ಒಂದೇ ಹಸುವಿನ ಹಾಲನ್ನು ಎರಡು ಮನೆಯ ಲೆಕ್ಕದಲ್ಲಿ ಬರೆಯಲಾಗದು. ಭಾರತ ಸರಕಾರವು 2022ರಲ್ಲಿ ಶಕ್ತಿ ಸಂರಕ್ಷಣೆಯ ಕಾನೂನನ್ನು ತಿದ್ದಿ, 2023ರ ಜೂನಿನಲ್ಲಿ ದೇಶದೊಳಗಿನ ಇಂಗಾಲ ಜಮೆಯ ವ್ಯಾಪಾರಕ್ಕೆ ಕಟ್ಟಳೆ ಹೊರಡಿಸಿತು. ಸಿಮೆಂಟು, ಅಲ್ಯೂಮಿನಿಯಂ, ಉಕ್ಕು ಮುಂತಾದ ಉದ್ಯಮಗಳಲ್ಲಿ ಸರಕಿನ ಟನ್ನಿಗೆ ಇಷ್ಟೇ ಹೊಗೆ ಎಂದು ಮಿತಿ. ಮಿತಿಗಿಂತ ಕಡಮೆ ಬಿಟ್ಟವರಿಗೆ ಜಮೆ, ಮೀರಿದವರು ಕೊಳ್ಳಬೇಕು. ಹಾಗಾದರೆ ಹಾರಿಹೋಗುವ ಶಾಖವನ್ನು ಹಿಡಿಯುವ ಕೆಲಸಕ್ಕೆ ನಮ್ಮಲ್ಲಿಯೇ ಬೆಲೆ ಬಂದೀತು.

ಈ ದೊಡ್ಡ ಲೆಕ್ಕದಲ್ಲಿ ನಮ್ಮ ಸಂಸಾರಗಳ ಪಾಲೂ ಇದೆ. ಕಾರ್ಖಾನೆಯ ಕಸವನ್ನು ಬೇರ್ಪಡಿಸಲು ಎಂಜಿನಿಯರು ಇದ್ದಾನೆ. ಊರಿನ ಕಸವನ್ನು ಬೇರ್ಪಡಿಸುವ ಎಂಜಿನಿಯರು ಮನೆಯೊಡತಿ, ಮನೆಯೊಡೆಯ ಮತ್ತು ಮಕ್ಕಳು. ಹಸಿ, ಒಣ, ಅಪಾಯಕರ ಎಂದು ಕಸವನ್ನು ಮನೆಯಲ್ಲಿಯೇ ಬೇರೆಯಾಗಿ ಕೊಡಬೇಕೆಂದು 2016ರ ನಿಯಮಗಳು ವಿಧಿಸಿದವು. ಅದು ದಂಡದ ಭಯಕ್ಕೆ ಮಾಡುವ ಕೆಲಸವೆಂದು ತಿಳಿಯಬಾರದು. ಸಿಪ್ಪೆಯ ಬುಟ್ಟಿಗೆ ಪ್ಲಾಸ್ಟಿಕ್ಕು ಬಿದ್ದ ಗಳಿಗೆಯಲ್ಲಿಯೇ ಗೊಬ್ಬರವೂ ಕೆಟ್ಟಿತು, ಉರುವಲೂ ಕೆಟ್ಟಿತು. ಆಮೇಲೆ ಎಷ್ಟು ಕೋಟಿಯ ಯಂತ್ರ ತಂದರೂ, ಯಾವ ದೇಶದ ಪಟ್ಟಿಯಲ್ಲಿ ಹೆಸರು ಬರೆಸಿದರೂ ಆ ಕೇಡನ್ನು ತಿದ್ದುವುದು ಕಷ್ಟ.

ಬೆಂಜ್ ಸರ್ಕಲ್ಲಿನ ಹೋಟೆಲಿನವರಿಗೂ ಬಸವನಗುಡಿಯ ಗೃಹಿಣಿಗೂ ಪರದೇಶದಲ್ಲಿ ನೆಲೆಸಿರುವ ನಮ್ಮ ಬಂಧುಗಳಿಗೂ ಈ ಮಾತು ಸಮಾನವಾಗಿ ಸಲ್ಲುತ್ತದೆ. ಅಡುಗೆ ಮನೆಯಲ್ಲಿ ಎರಡು ಬುಟ್ಟಿ ಇಡುವುದಕ್ಕೆ ಖರ್ಚು ಅಲ್ಪ, ಶ್ರಮ ಇನ್ನೂ ಅಲ್ಪ. ಅದಕ್ಕೆ ಯಾರೂ ನಮಗೆ ಜಮೆ ಬರೆಯುವುದಿಲ್ಲವೆಂಬುದು ನಿಜ. ಆದರೆ ಮುಂದಿನ ಎಲ್ಲ ಜಮೆಗಳ ಮೊದಲ ಅಂಕಿ ಬೀಳುವುದು ಆ ಎರಡು ಬುಟ್ಟಿಗಳಲ್ಲಿಯೇ.